ಹಾಸ್ಯ ಚಿಂತಕರ ಅರ್ಧ ಜೋಕು

ಅಜ್ಜಂಪುರದ ರೇಣುಕಪ್ರಸಾದನಿಗೆ ಐವತ್ತೇಳನೆಯ ವಯಸ್ಸಿನಲ್ಲಿ ಚಿಂತಕನಾಗುವ ಯೋಗ ಕೂಡಿಬಂದದ್ದು ಕಡೂರಿನಲ್ಲಿ ಕರೆಂಟು ಹೋದದ್ದರಿಂದ. ಅಲ್ಲಿಯವರೆಗೆ ಅವನು ಶಾಮಿಯಾನ ಮತ್ತು ಮೈಕ್‌ಸೆಟ್ ಬಾಡಿಗೆಗೆ ಕೊಡುವವನಾಗಿದ್ದ. ಬಾಡಿಗೆಗೆ ಹೋದ ಮೈಕು ಸುಮ್ಮನೆ ನಿಂತಿರುವುದನ್ನು ನೋಡಲಾರದೆ ಅದರ ಮುಂದೆ ನಿಂತು ನಾಲ್ಕು ಜನರನ್ನು ನಗಿಸುವವನೂ ಆಗಿದ್ದ. ಒಬ್ಬನೇ ಅಲ್ಲ, ಪಕ್ಕದಲ್ಲಿ ಕೆಂಚಪ್ಪ ಇರುತ್ತಿದ್ದ. ಇಬ್ಬರೂ ಒಂದೇ ಹಳ್ಳಿಯಲ್ಲಿ ಹುಟ್ಟಿ, ಒಬ್ಬರೇ ಮೇಷ್ಟರ ಕೈಲಿ ಏಟು ತಿಂದವರು. ರೇಣುಕಪ್ರಸಾದ ಹಣೆ ತುಂಬ ವಿಭೂತಿ ಹಚ್ಚುವ ಮನೆಯವನು. ಕೆಂಚಪ್ಪ ತೆಂಗಿನ ತೋಟದ ಜೊತೆಗೆ ಕುರಿ ಸಾಕಿಕೊಂಡ ಮನೆಯವನು. ಇಪ್ಪತ್ತು ವರ್ಷದಿಂದ ಈ ಜೋಡಿ ಮದುವೆ, ನಾಮಕರಣ, ಸ್ಕೂಲ್ ಡೇ, ಸೊಸೈಟಿ ಸಭೆ, ಎಲ್ಲಿ ಕರೆದರೂ ಹೋಗಿ, ಒಬ್ಬರನ್ನೊಬ್ಬರು ಬೈದುಕೊಂಡು, ಜನರನ್ನು ನಗಿಸಿ, ಊಟ ಮುಗಿಸಿ ಬರುತ್ತಿತ್ತು.

ಅವರ ಬೈಗುಳಗಳಲ್ಲಿ ಒಂದಕ್ಕೆ ಬಹಳ ಬೇಡಿಕೆ. ರೇಣುಕಪ್ರಸಾದ ಮೈಕು ಹಿಡಿದು ಶುರು ಮಾಡುತ್ತಿದ್ದ: "ನಮ್ಮ ಕೆಂಚಪ್ಪನ ಕಡೆ ಜನಕ್ಕೆ ಪ್ರಣಾಳಿಕೆ ಗಿಣಾಳಿಕೆ ಬೇಡ ಕಣ್ರೀ. ಕುರಿ ಸಾರಿನ ಘಮ ಬಂದ್ರೆ ಸಾಕು, ಕಣ್ಮುಚ್ಕೊಂಡು ಓಟು ಒತ್ತಿ ಬಂದ್ಬಿಡ್ತಾರೆ." ಇಷ್ಟು ಹೇಳಿ ಎಡಗಡೆಗೆ ತಿರುಗುತ್ತಿದ್ದ. ಎಡಗಡೆ ನಿಂತ ಕೆಂಚಪ್ಪ ಮೀಸೆ ತೀಡಿಕೊಂಡು, ಜನರ ಮುಖವನ್ನೆಲ್ಲ ಒಂದು ಸುತ್ತು ನೋಡಿಕೊಂಡು ಹೇಳುತ್ತಿದ್ದ: "ಹೂಂ ಕಣಯ್ಯಾ, ನಾವು ಮೂಗು ಹೇಳಿದ ಕಡೆ ಒತ್ತೀವಿ. ನೀವು ಸ್ವಾಮಿಗಳ ಬೆರಳು ತೋರ್ಸಿದ ಕಡೆ ಒತ್ತೀರಿ. ನಮ್ದು ನಮ್ಮ ಸ್ವಂತ ಮೂಗಾದ್ರೂ ಹೌದು!" ಚಪ್ಪರ ಹಾರಿಹೋಗುವಂಥ ನಗು. ರೇಣುಕಪ್ರಸಾದ ತಲೆ ತಗ್ಗಿಸಿ ಮೈಕನ್ನು ಕೆಂಚಪ್ಪನ ಕೈಗೆ ಕೊಡುವುದು. ಅಲ್ಲಿಗೆ ಜೋಕು ಮುಗಿಯಿತು. ವಿಭೂತಿಯವರೂ ನಗುತ್ತಿದ್ದರು, ಕುರಿಯವರೂ ನಗುತ್ತಿದ್ದರು, ಯಾರ ಮನೆಯ ಹೆಂಚೂ ಹಾರಿರಲಿಲ್ಲ.

ಈಗ ಕರೆಂಟಿನ ವಿಷಯ. ಕಡೂರಿನ ಒಂದು ಸ್ಕೂಲ್ ಡೇಯಲ್ಲಿ ಕರೆಂಟು ಹೋಗಿ ಕಾರ್ಯಕ್ರಮ ನಿಂತಾಗ, ಫೋನಿನಲ್ಲೇ ಚಾನೆಲ್ಲು ನಡೆಸುವ ಅಭಿಲಾಷ್ ಎಂಬ ಹುಡುಗ ಹೊತ್ತು ಕಳೆಯಲು ರೇಣುಕಪ್ರಸಾದನ ಮೂಗಿನ ಮುಂದೆ ಫೋನು ಹಿಡಿದ. "ಸಾರ್, ಕೃತಕ ಬುದ್ಧಿಮತ್ತೆ ಬಗ್ಗೆ ಒಂದ್ ಮಾತು."

"ಬರ್ಲಿ ಕಣಪ್ಪಾ, ಬೇಡ ಅನ್ನಲ್ಲ. ಆದ್ರೆ ಕಡೂರಲ್ಲಿ ಕರೆಂಟು ಹೋದಾಗ ಅದಕ್ಕೂ ನಮ್ಮಷ್ಟೇ ಬುದ್ಧಿ ಇರ್ತದೆ."

ಈ ಒಂದು ಮಾತನ್ನು ನಾಲ್ಕು ಲಕ್ಷ ಜನ ನೋಡಿದರು. ಮನುಷ್ಯನನ್ನು ಕೆಡಿಸಲು ನಾಲ್ಕು ಲಕ್ಷ ಜನ ಬೇಕಿಲ್ಲ, ನಾಲ್ಕು ಜನ ಸಾಕು; ಇದು ಸ್ವಲ್ಪ ಜಾಸ್ತಿಯೇ ಆಯಿತು. ವಾರದೊಳಗೆ ಶಿವಮೊಗ್ಗದ ಒಂದು ಚಾನೆಲ್ಲಿನವರು ಕರೆದು ರಾಜಕೀಯ ಕೇಳಿದರು. ರೇಣುಕಪ್ರಸಾದ ಎರಡು ಖಾದಿ ಜುಬ್ಬ ಹೊಲಿಸಿದ. ಮನೆಯಲ್ಲಿ "ಕಾಫಿ ಆಯ್ತೇನೇ" ಎನ್ನುವವನು "ಕಾಫಿಯ ವಿಚಾರ ಎಲ್ಲಿಗೆ ಬಂತು" ಎನ್ನತೊಡಗಿದ. ಕಡೆಗೆ ಬೀರೂರಿಗೆ ಹೋಗಿ 'ರೇಣುಕಪ್ರಸಾದ್, ಹಾಸ್ಯ ಚಿಂತಕರು' ಎಂದು ಕಾರ್ಡು ಹೊಡೆಸಿಕೊಂಡು ಬಂದ. ಅವನ ಹೆಂಡತಿ ಮಲ್ಲಿಕಾಂಬ ಕಾರ್ಡನ್ನು ಕನ್ನಡಕ ಹಾಕಿಕೊಂಡೂ ತೆಗೆದೂ ನೋಡಿದಳು.

"ಹಿಂದುಗಡೆ ಶಾಮಿಯಾನದ ನಂಬರಾದ್ರೂ ಹಾಕ್ಸಬಾರ್ದಿತ್ತಾ? ಚಿಂತನೆ ಬಾಡಿಗೆಗೆ ಹೋಗ್ದಿದ್ರೆ ಕುರ್ಚಿನಾದ್ರೂ ಹೋಗೋದು" ಎಂದಳು. ಚಿಂತಕರು ಇಂಥ ಮಾತಿಗೆ ಉತ್ತರ ಕೊಡುವುದಿಲ್ಲ.

ಆಮೇಲೆ ಬಂತು ನೋಡಿ ಬೆಂಗಳೂರಿನ 'ನ್ಯೂಸ್ ನಗಾರಿ'ಯ ಫೋನು. 'ರಾಜಕೀಯ, ಜಾತಿ, ವರ್ಣಭೇದ, ಟೆಕ್ನಾಲಜಿ: ಹಾಸ್ಯಗಾರ ಏನಂತಾನೆ?' ಎಂಬ ಕಾರ್ಯಕ್ರಮ. ಸುದ್ದಿ ಕೇಳಿದ ಕೆಂಚಪ್ಪ ಅಂದೇ ಬಿಳಿ ಶರ್ಟು ಇಸ್ತ್ರಿಗೆ ಕೊಟ್ಟ. ಆದರೆ ಚಾನೆಲ್ಲಿನವರು ಕುರ್ಚಿ ಒಂದೇ ಎಂದಿದ್ದರು. ಶಾಮಿಯಾನದವನಾಗಿ, ಮುನ್ನೂರು ಕುರ್ಚಿಯ ಒಡೆಯನಾಗಿ, "ಇನ್ನೊಂದು ಕುರ್ಚಿ ಹಾಕಿ" ಎನ್ನಲು ರೇಣುಕಪ್ರಸಾದನಿಗೆ ಬಾಯಿ ಬರಲಿಲ್ಲ.

"ಈ ಸಲ ನಾನು ಹೋಗಿ ದಾರಿ ನೋಡ್ಕೊಂಡ್ ಬತ್ತೀನಿ ಕಣೋ ಕೆಂಚ. ಮುಂದಿನ ಸಲ ಇಬ್ರೂನೂ" ಎಂದ.

"ಹೋಗ್ಬಾ, ಹೋಗ್ಬಾ" ಎಂದ ಕೆಂಚಪ್ಪ. ಇಸ್ತ್ರಿಯಾದ ಶರ್ಟನ್ನು ಮಗಳ ಮದುವೆಗೆ ಆಯಿತು ಎಂದು ಬೀರುವಿನಲ್ಲಿಟ್ಟ. ಅವನ ಮಗಳು ಭವ್ಯ ತರೀಕೆರೆಯಲ್ಲಿ ನರ್ಸು. ಅಮೃತಾಪುರದ ಕಡೆಯ ಹುಡುಗನಿಗೆ ಗೊತ್ತಾಗಿತ್ತು. ಮದುವೆಗೆ ಇನ್ನು ಹದಿನೈದು ದಿನ. ಶಾಮಿಯಾನ ರೇಣು ಮಾವನದೇ ಎಂದು ಅವಳು ಹುಟ್ಟಿದಾಗಲೇ ತೀರ್ಮಾನವಾಗಿತ್ತು.

ಸ್ಟುಡಿಯೋದಲ್ಲಿ ರೇಣುಕಪ್ರಸಾದನ ಮುಖಕ್ಕೆ ಪೌಡರ್ ಹಚ್ಚಿದರು. ಕುಡಿಯಲು ಚಾನೆಲ್ಲಿನ ಹೆಸರು ಬರೆದ ಒಂದು ಮಗ್ಗು ಇಟ್ಟರು. ಅದರಲ್ಲಿ ಏನೂ ಇರಲಿಲ್ಲ. ಪ್ರಶ್ನೆ ಕೇಳುವ ಹೆಣ್ಣುಮಗಳು ಬಹಳ ಚುರುಕು. "ಅಮೆರಿಕದಲ್ಲಿ ಕರಿಯರು ಬಿಳಿಯರು ಅಂತ ವರ್ಣಭೇದ ಇದೆ. ನಮ್ಮಲ್ಲಿ ಇದೆಯಾ ಸರ್?"

"ನಮ್ಮಲ್ಲಿ ಎಲ್ರೂ ಹೆಚ್ಚುಕಮ್ಮಿ ಒಂದೇ ಬಣ್ಣ ಮೇಡಂ. ಅದಕ್ಕೇ ನಮಗೆ ಕಷ್ಟ ಜಾಸ್ತಿ. ಮೊದ್ಲು ಹೆಸರು ಕೇಳ್ಬೇಕು. ಗೊತ್ತಾಗ್ಲಿಲ್ಲ ಅಂದ್ರೆ ಅಪ್ಪನ ಹೆಸರು. ಆಗ್ಲೂ ಗೊತ್ತಾಗ್ಲಿಲ್ಲ ಅಂದ್ರೆ, 'ಮನೇಲಿ ಊಟಕ್ಕೇನು ಮಾಡಿದ್ರಿ?'"

ಹೆಣ್ಣುಮಗಳು ನಕ್ಕಳು. ಕ್ಯಾಮೆರಾ ಹಿಡಿದವನೂ ನಕ್ಕ. ಅಲ್ಲಿಗೆ ನಿಲ್ಲಿಸಿ ಎದ್ದು ಬಂದಿದ್ದರೆ ಈ ಕಥೆ ಬರೆಯುವ ತಾಪತ್ರಯವೇ ಇರುತ್ತಿರಲಿಲ್ಲ. ಆದರೆ ಅವಳು ಜಾತಿ ಮತ್ತು ಓಟಿನ ಬಗ್ಗೆ ಕೇಳಿದಳು. ನಗುವಿನ ಅಮಲಿನಲ್ಲಿದ್ದ ನಮ್ಮ ಚಿಂತಕರು ಕುರಿ ಸಾರಿನ ಮಾತನ್ನು ಅಷ್ಟೂ ಬಿಟ್ಟರು. ಬಿಟ್ಟು, ಇಪ್ಪತ್ತು ವರ್ಷದ ಅಭ್ಯಾಸದಂತೆ ಎಡಗಡೆಗೆ ತಿರುಗಿ ಕಾದರು.

ಎಡಗಡೆ ಒಂದು ಪ್ಲಾಸ್ಟಿಕ್ ಗಿಡ ಇತ್ತು.

"ಒಂದು ಚಿಕ್ಕ ಬ್ರೇಕ್" ಎಂದಳು ಹೆಣ್ಣುಮಗಳು. ಬ್ರೇಕ್ ಮುಗಿಯುವಷ್ಟರಲ್ಲಿ ಟೈಮೂ ಮುಗಿದಿತ್ತು. ಮಗ್ಗನ್ನು ಕಾಗದದಲ್ಲಿ ಸುತ್ತಿ ಉಡುಗೊರೆ ಎಂದು ಕೈಗಿಟ್ಟರು.

ಮಾರನೆಯ ಬೆಳಿಗ್ಗೆ ಅವನು ಬೀರೂರಿನಲ್ಲಿ ರೈಲಿಳಿದು ಅಜ್ಜಂಪುರದ ಬಸ್ಸು ಹತ್ತುವ ಹೊತ್ತಿಗೆ ಆ ಮಾತು ಇಪ್ಪತ್ತೆಂಟು ಸೆಕೆಂಡಿನ ತುಂಡಾಗಿ ಎಲ್ಲರ ಫೋನಿನಲ್ಲೂ ಇತ್ತು. ಬಾಗಿಲಲ್ಲೇ ಎದುರಾದವರು ಪಕ್ಕದ ಮನೆಯ ಷಣ್ಮುಖಪ್ಪ, ರಿಟೈರಾದ ರೆವಿನ್ಯೂ ಇನ್ಸ್‌ಪೆಕ್ಟರು. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಇವನ ಜೋಕಿಗೆ ಹಲ್ಲು ತೋರಿಸಿದವರಲ್ಲ. ಇಂದು ಕೈ ಹಿಡಿದು ಕುಲುಕಿದರು.

"ಭೇಷ್! ಯಾರಾದ್ರೂ ಒಬ್ರು ಹೇಳ್ಬೇಕಿತ್ತು ಕಣಯ್ಯ. ನೀನು ಹೇಳ್ಬಿಟ್ಟೆ."

"ಅದು ಜೋಕು ಕಣ್ರೀ ಷಣ್ಮುಖಪ್ಪೋರೆ."

"ಗೊತ್ತು, ಗೊತ್ತು" ಎಂದು ಅವರು ಕಣ್ಣು ಮಿಟುಕಿಸಿದರು. "ಹಾಗೇ ಹೇಳ್ಬೇಕು. ಹೊರಗಡೆ ಜೋಕು ಅನ್ಬೇಕು."

ಯಾರೂ ನಗದಿದ್ದರೆ ರೇಣುಕಪ್ರಸಾದ ಸಹಿಸುತ್ತಿದ್ದ. ಆದರೆ ನಗಬೇಕಾದ ಮಾತಿಗೆ ಒಬ್ಬ ಮನುಷ್ಯ ಇಷ್ಟು ಗಂಭೀರವಾಗಿ ಒಪ್ಪಿಕೊಂಡದ್ದನ್ನು ಅವನು ಅದೇ ಮೊದಲು ನೋಡಿದ್ದು. ಒಳಗೆ ಹೋಗಿ ಕೆಂಚಪ್ಪನಿಗೆ ಫೋನು ಮಾಡಿದ. ಎತ್ತಲಿಲ್ಲ. ಕುರಿ ಮೇಯಿಸಲು ಹೋಗಿರಬೇಕು ಎಂದುಕೊಂಡ. ಕುರಿಗಳು ಆ ವಾರವೆಲ್ಲ ಬಹಳ ಮೇಯ್ದವು.

ಅಷ್ಟರಲ್ಲಿ ತರೀಕೆರೆಯಿಂದ ಕೆಂಚಪ್ಪನ ಜನದ ಹೊನ್ನೇಶ್ ಎಂಬ ಯುವ ಮುಖಂಡ ಎರಡು ಜೀಪು ಜನರೊಂದಿಗೆ ಬಂದು ತಾಲ್ಲೂಕು ಕಚೇರಿಗೆ ಮನವಿ ಕೊಟ್ಟ. ಅಜ್ಜಂಪುರ ತಾಲ್ಲೂಕಾಗಿ ಇನ್ನೂ ಬಹಳ ವರ್ಷವಾಗಿರಲಿಲ್ಲ. ಖಾತೆ ಅರ್ಜಿ, ಪೋಡಿ ಅರ್ಜಿ, ಪಿಂಚಣಿ ಅರ್ಜಿ ಎಲ್ಲ ನೋಡಿದ್ದ ಗುಮಾಸ್ತರಿಗೆ ಜೋಕಿನ ಮೇಲಿನ ಅರ್ಜಿ ಹೊಸದು. ಕಂಪ್ಯೂಟರು ಅರ್ಜಿಯ ವಿಧ ಕೇಳುತ್ತದೆ, ತುಂಬದಿದ್ದರೆ ಮುಂದಕ್ಕೆ ಬಿಡುವುದಿಲ್ಲ. ಅವರು ಅರ್ಧ ಗಂಟೆ ಹುಡುಕಿ 'ಬೆಳೆ ಹಾನಿ' ಎಂದು ಒತ್ತಿ ಸ್ವೀಕೃತಿ ಕೊಟ್ಟು, ಜನರನ್ನು ಪೊಲೀಸ್ ಸ್ಟೇಷನ್ನಿಗೆ ಸಾಗಹಾಕಿದರು.

ಸ್ಟೇಷನ್ನಿನಲ್ಲಿ ಎಎಸ್ಐ ದೇವೀರಪ್ಪ ಒಳ್ಳೆಯ ಮನುಷ್ಯ. ರೇಣುಕಪ್ರಸಾದನನ್ನು ಕೂರಿಸಿ, ಟೀ ತರಿಸಿ, ಹಾಳೆ ತೆಗೆದರು. "ಕೇಸು ಗೀಸು ಏನಿಲ್ಲ, ಹೇಳಿಕೆ ಅಷ್ಟೆ. ಆ ಜೋಕು ನಿಧಾನಕ್ಕೆ ಹೇಳಿ, ಬರ್ಕೊತೀನಿ."

ರೇಣುಕಪ್ರಸಾದ ನಿಧಾನಕ್ಕೆ ಹೇಳಿದ. ದೇವೀರಪ್ಪ ಬರೆದುಕೊಂಡದ್ದನ್ನು ಓದಿದರು: "ಸದರಿ ಕೆಂಚಪ್ಪ ಎಂಬುವರ ಕಡೆಯ ಜನರು ಕುರಿ ಸಾರಿನ ವಾಸನೆಯನ್ನು ಗ್ರಹಿಸಿದ ಮೇರೆಗೆ ಕಣ್ಣುಗಳನ್ನು ಮುಚ್ಚಿಕೊಂಡು ಮತ ಚಲಾಯಿಸುವುದಾಗಿ ತಿಳಿಸಿರುತ್ತೇನೆ. ಸರೀನಾ?"

"ಸರಿ ಸಾರ್."

ದೇವೀರಪ್ಪ ಪೆನ್ನಿನ ಹಿಂಭಾಗವನ್ನು ಹಲ್ಲಿಗೆ ತಟ್ಟಿಕೊಂಡು ಇನ್ನೊಮ್ಮೆ ಮನಸ್ಸಿನಲ್ಲೇ ಓದಿದರು. "ಅಲ್ಲಾ ರೇಣುಕಪ್ರಸಾದ್, ತಪ್ಪು ತಿಳ್ಕೋಬೇಡಿ. ಇದ್ರಲ್ಲಿ ನಗು ಎಲ್ಲಿ ಬರ್ತದೆ?"

"ಈಗ ಬರಲ್ಲ ಸಾರ್. ಕೆಂಚಪ್ಪ ಉತ್ತರ ಕೊಟ್ಟಾಗ ಬರ್ತದೆ."

"ಕೆಂಚಪ್ಪ ಎಲ್ಲಿ?"

ಇಷ್ಟು ಸುಲಭದ ಪ್ರಶ್ನೆಯನ್ನು ಯಾವ ಚಾನೆಲ್ಲಿನವರೂ ರೇಣುಕಪ್ರಸಾದನಿಗೆ ಕೇಳಿರಲಿಲ್ಲ. ಟೀ ಆರಿಹೋಯಿತು.

ಬುದ್ಧಿವಂತನಾಗಿದ್ದರೆ ಅವನು ಅಲ್ಲಿಂದ ನೆಟ್ಟಗೆ ಕೆಂಚಪ್ಪನ ಮನೆಗೆ ಹೋಗಬೇಕಿತ್ತು. ಆದರೆ ಮೀಡಿಯಾದ ರುಚಿ ಕಂಡವನು. ಕಡೂರಿನ ಅಭಿಲಾಷನನ್ನು ಕರೆಸಿ, ಜುಬ್ಬ ತೊಟ್ಟು, ಕೈ ಮುಗಿದು ಕ್ಷಮೆಯ ವೀಡಿಯೋ ಮಾಡಿಸಿದ. ಅದನ್ನು 'ನ್ಯೂಸ್ ನಗಾರಿ'ಯವರು ಎತ್ತಿಕೊಂಡು 'ಚಿಂತಕನ ಬಾಯಿ ಮುಚ್ಚಿಸಿದವರು ಯಾರು?' ಎಂದು ರಾತ್ರಿ ಎರಡು ಗಂಟೆ ಕಾಲ ಚರ್ಚೆ ನಡೆಸಿದರು. ಬೆಳಿಗ್ಗೆ ಷಣ್ಮುಖಪ್ಪ ಮುಖ ತಿರುಗಿಸಿಕೊಂಡು, "ನಮ್ಮೋರ ಮಾನ ತೆಗ್ದೆ. ಹೇಳಿದ್ಮೇಲೆ ಗಂಡಸಿನ ಹಾಗೆ ನಿಂತ್ಕೋಬೇಕಿತ್ತು" ಎಂದರು. ಹೊನ್ನೇಶ್ ಫೋನು ಮಾಡಿ, "ಕ್ಷಮೆ ಕೇಳೋವಾಗ ಜುಬ್ಬ ಯಾಕ್ರೀ? ಕೊಬ್ಬು ಕಾಣ್ತದೆ" ಎಂದ. ಎರಡು ಕಡೆಯವರೂ ಒಂದೇ ಮಾತಿನಲ್ಲಿ ಒಗ್ಗಟ್ಟಾದರು: ಈ ಮನುಷ್ಯ ಸರಿಯಿಲ್ಲ.

ಇದೆಲ್ಲ ಅವನಿಗೆ ಲೆಕ್ಕಕ್ಕಿರಲಿಲ್ಲ. ಕೊರೆಯುತ್ತಿದ್ದುದು ಬೇರೆ. ಮಲ್ಲಿಕಾಂಬ ಮಾರ್ಕೆಟ್ಟಿನಿಂದ ಒಂದು ಸುದ್ದಿ ತಂದಳು: ಭವ್ಯಳ ಮದುವೆಗೆ ಬೀರೂರಿನ ಶಾಮಿಯಾನ ಗೊತ್ತಾಗಿದೆಯಂತೆ. "ಬೀಗ್ರು ಸಣ್ಣಬೀರಪ್ಪ ಖಡಾಖಂಡಿತ ಹೇಳವ್ರಂತೆ. ನಮ್ಮ ಜನನ ಟೀವೀಲಿ ಆಡ್ಕೊಂಡೋನು ಚಪ್ಪರದೊಳಗೆ ಕಾಲಿಟ್ರೆ ನಾವು ಕಾಲಿಡಲ್ಲ ಅಂತ" ಎಂದಳು. ಆಮೇಲೆ ತರಕಾರಿ ಚೀಲ ಕೆಳಗಿಟ್ಟು, "ಆ ಮಗೂನ ಹೆಗಲ ಮೇಲೆ ಹೊತ್ತು ಆಡ್ಸಿದೋರು ನೀವು. ಹೋಗ್ರೀ, ಹೋಗಿ ಅವರ ಮನೆ ಬಾಗಿಲಲ್ಲಿ ನಿಂತ್ಕೊಳ್ರೀ" ಎಂದು ಗದರಿಸಿದಳು.

ರೇಣುಕಪ್ರಸಾದ ಹೋಗಿ ನಿಂತ. ಜುಬ್ಬ ಹಾಕಿಕೊಳ್ಳದೆ, ಹಳೆಯ ಅಡ್ಡಪಂಚೆಯಲ್ಲೇ ಹೋದ. ಕೆಂಚಪ್ಪ ಒಳಗಿದ್ದ, ಆದರೆ ಹೊರಗೆ ಬರಲಿಲ್ಲ. ಬಂದವಳು ಅವನ ಹೆಂಡತಿ ಕಮಲಾಕ್ಷಮ್ಮ. ಅವರ ಜನದ ಮದುವೆಗಳಲ್ಲಿ ಬೀಗಿತ್ತಿಯರನ್ನು ಜರಿಯುವ ಹಾಡು ಹೇಳುವುದರಲ್ಲಿ ಸುತ್ತ ಹತ್ತು ಹಳ್ಳಿಗೆ ಅವಳೇ ಹೆಸರುವಾಸಿ. ಗಂಡಿನ ತಾಯಿಯ ನಡಿಗೆ, ಅತ್ತೆಯ ಜಡೆ, ಸೋದರಮಾವನ ಹೊಟ್ಟೆ, ಯಾವುದನ್ನೂ ಬಿಡುವವಳಲ್ಲ.

"ಕೂತ್ಕೊಳ್ಳಣ್ಣ" ಎಂದಳು. "ನಾನು ನಲವತ್ತು ವರ್ಷದಿಂದ ಬೀಗಿತ್ತೇರ್ನ ಜರೀತಾ ಬಂದೀನಿ. ಒಬ್ಳಾದ್ರೂ ಕ್ವಾಪ ಮಾಡ್ಕೊಂಡು ಎದ್ದೋಗಿದ್ದು ಕಂಡಿದೀಯಾ?"

"ಇಲ್ಲ ಕಣಮ್ಮ."

"ಯಾಕೆ ಹೇಳು? ಯಾರನ್ನ ಜರೀತೀವೋ ಅವಳು ಎದುರಿಗೆ ಕೂತಿರ್ಬೇಕು. ನಾನು ನಿಲ್ಸಿದ್ಮೇಲೆ ಅವಳ ಸರದಿ. ಅವಳು ನನ್ನ ಬಾಯಿಗೆ ಬಂದಂಗೆ ಜರಿದ್ರೂ ನಾನು ಕೂತು ಕೇಳ್ಬೇಕು. ಅವಳಿಗೆ ಉತ್ರ ಸಿಗ್ಲಿಲ್ಲ ಅಂದ್ರೆ ಕಾಯ್ಬೇಕು, ಅಲ್ಲೀವರ್ಗೂ ಎಲೆ ಹಾಕಲ್ಲ. ಎದುರಿಗಿಲ್ದೋಳ್ನ ಜರಿದ್ರೆ ಅದು ಹಾಡಲ್ಲಣ್ಣ, ಚಾಡಿ."

ರೇಣುಕಪ್ರಸಾದನ ಕಣ್ಣಲ್ಲಿ ನೀರು ಬಂತು. "ಅವನು ಉತ್ತರ ಕೊಡೋನು ಅನ್ಕೊಂಡೇ ಹೇಳ್ಬಿಟ್ಟೆ ಕಣಮ್ಮ. ತಿರುಗಿ ನೋಡ್ತೀನಿ, ಇಲ್ಲ."

"ಕರ್ಕೊಂಡ್ ಹೋಗಿದ್ರೆ ಇರೋರು" ಎಂದಳು ಕಮಲಾಕ್ಷಮ್ಮ. ಒಳಗೆ ಕೆಮ್ಮಿದ ಸದ್ದಾಯಿತು. ಅವಳು ಧ್ವನಿ ತಗ್ಗಿಸಿದಳು. "ಮದ್ವೆಗೆ ಬರ್ಬೇಡ, ಬೀಗ್ರ ಮಾತು ಮೀರಕ್ಕಾಗಲ್ಲ. ಮಾರನೇ ದಿನ ಅಮೃತಾಪುರದಲ್ಲಿ ಬೀಗ್ರ ಊಟ. ಅದು ಜರಿಯೋ ಜಾಗ. ಅಲ್ಲಿ ಮಾತಾಡೋಕೆ ನಿಂತೋನ್ನ ಹೊರಗೆ ಹಾಕೋಕೆ ಸಣ್ಣಬೀರಪ್ಪಂಗೂ ಆಗಲ್ಲ. ಬಾ. ಅದೇ ಮಾತು ನಮ್ಮ ಯಜಮಾನ್ರ ಎದುರಿಗೆ ಆಡು. ಆಡಿ, ನಿಂತ್ಕೊ."

ಅಂತೂ ಬೀಗರ ಊಟದ ದಿನ, ಚಪ್ಪರ ಹಾಕುವ ಕಸುಬಿನವನು ಜೀವನದಲ್ಲಿ ಮೊದಲ ಸಲ ಇನ್ನೊಬ್ಬರ ಚಪ್ಪರದಡಿ ಕಳ್ಳನಂತೆ ನುಗ್ಗಿದ. ಇಲ್ಲೂ ಬೀರೂರಿನ ಶಾಮಿಯಾನದವರೇ; ಕಂಬಗಳನ್ನು ಸೊಟ್ಟಗೆ ನಿಲ್ಲಿಸಿದ್ದರು. ಬೇರೆ ದಿನವಾಗಿದ್ದರೆ ಆ ಬಗ್ಗೆಯೇ ಅರ್ಧ ಗಂಟೆ ಮಾತಾಡುತ್ತಿದ್ದ. ಹೆಂಗಸರ ಹಾಡು ಒಂದು ಸುತ್ತು ಮುಗಿದಿತ್ತು. ಮೊದಲ ಪಂಕ್ತಿ ಮಕ್ಕಳದು, ಕೆಂಚಪ್ಪ ಸಾರಿನ ಬಕೆಟ್ಟು ಹಿಡಿದು ಬಡಿಸುತ್ತಿದ್ದ. ರೇಣುಕಪ್ರಸಾದ ಮೈಕು ಕೈಗೆತ್ತಿಕೊಂಡ. ಮೈಕು ಕೀ ಎಂದು ಕಿರುಚಿತು, ಜನರೆಲ್ಲ ತಿರುಗಿದರು.

"ನಮ್ಮ ಕೆಂಚಪ್ಪನ ಕಡೆ ಜನಕ್ಕೆ..." ಎಂದು ಶುರು ಮಾಡಿದವನು ಒಂದಕ್ಷರ ಬಿಡದೆ ಕಣ್ಮುಚ್ಚಿ ಓಟು ಒತ್ತುವವರೆಗೂ ಹೇಳಿದ. ಗಂಡಿನ ತಂದೆ ಸಣ್ಣಬೀರಪ್ಪ ಟವಲ್ಲು ಕೊಡವಿಕೊಂಡು ಎದ್ದೇಬಿಟ್ಟರು. ಹಿಂದೆ ನಾಲ್ಕು ಜನ ತೋಳು ಮಡಿಸಿದರು. ಹತ್ತಿಪ್ಪತ್ತು ಫೋನು ಮೇಲೆದ್ದವು.

"ಕೂತ್ಕೊಳ್ಳಿ ಬೀಗ್ರೇ!" ಕಮಲಾಕ್ಷಮ್ಮ ಹೆಂಗಸರ ನಡುವಿನಿಂದ ಕೂಗಿದಳು. "ಇನ್ನೂ ಉತ್ರ ಬಂದಿಲ್ಲ. ನಿಮ್ಮನೇಲಿ ಉತ್ರ ಬರೋಕ್ಮುಂಚೆ ಏಳೋ ಪದ್ಧತಿನಾ?"

ಸಣ್ಣಬೀರಪ್ಪ ಕೂತರು. ರೇಣುಕಪ್ರಸಾದ ಎಡಗಡೆಗೆ ತಿರುಗಿ ನಿಂತ. ಕೆಂಚಪ್ಪ ಅವನ ಕಡೆ ನೋಡಲೂ ಇಲ್ಲ. ಒಂದು ಎಲೆ, ಇನ್ನೊಂದು ಎಲೆ, ಮುದ್ದೆ ಮುರಿಯುತ್ತಿದ್ದ ಹುಡುಗನಿಗೆ ಇನ್ನೊಂದು ಸೌಟು. ಪಂಕ್ತಿಯ ಕೊನೆಯವರೆಗೂ ಬಡಿಸಿದ. ಅಷ್ಟು ಹೊತ್ತು ಮೈಕು ಹಿಡಿದು ಬಾಯಿ ಮುಚ್ಚಿಕೊಂಡು ನಿಲ್ಲುವುದು ಎಂಥ ಶಿಕ್ಷೆ ಎಂದು ಮೈಕಿನವನಿಗೇ ಗೊತ್ತು. ಕಡೆಗೆ ಕೆಂಚಪ್ಪ ಬಕೆಟ್ಟು ಕೆಳಗಿಟ್ಟು, ಕೈ ತೊಳೆದು, ಬಂದು ಮೈಕು ತೆಗೆದುಕೊಂಡ. ಮೀಸೆ ತೀಡಿದ.

"ಇವನು ಟೀವಿಗೆ ಹೋಗಿ ಬಂದ ಕಣ್ರಪ್ಪ. ಅಲ್ಲೇನು ಕೊಟ್ರು ಅಂತ ಯಾರಾದ್ರೂ ಕೇಳಿದ್ರಾ?"

"ಏನು ಕೊಟ್ರು?" ಎಂದಿತು ಜನ.

"ನೀನೇ ಹೇಳೋ ಲೇ."

"ಮಗ್ಗು" ಎಂದ ರೇಣುಕಪ್ರಸಾದ.

"ಒಳಗೇನಿತ್ತು?"

"ಏನೂ ಇರ್ಲಿಲ್ಲ."

"ಕೇಳಿದ್ರಾ? ನಾವು ಸಾರಿಗೆ ಓಟು ಕೊಡ್ತೀವಂತೆ. ಆಯ್ತಪ್ಪ, ಕೊಡ್ತೀವಿ. ಇವನು ಖಾಲಿ ಮಗ್ಗಿಗೆ ನಲವತ್ತೈದು ವರ್ಷದ ಸ್ನೇಹಿತನ್ನ ಕೊಟ್ಬಂದವ್ನೆ. ವ್ಯಾಪಾರ ಗೊತ್ತಿಲ್ದಿರೋ ಜನ ಯಾರು, ನೀವೇ ಹೇಳಿ ಬೀಗ್ರೇ!"

ಮೊದಲು ನಕ್ಕವರು ಸಣ್ಣಬೀರಪ್ಪ. ನಕ್ಕು, ನಗಬಾರದಿತ್ತೇನೋ ಎಂದು ಟವಲ್ಲಿನಿಂದ ಬಾಯಿ ಮುಚ್ಚಿಕೊಂಡು, ತಡೆಯಲಾರದೆ ಮತ್ತೆ ನಕ್ಕರು. ಸೊಟ್ಟ ಕಂಬಗಳೆಲ್ಲ ಅಲ್ಲಾಡುವಂತೆ ಚಪ್ಪರ ನಕ್ಕಿತು. ಮದುಮಗಳು ಭವ್ಯ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. ರೇಣುಕಪ್ರಸಾದ ಮಾತ್ರ ತಲೆ ತಗ್ಗಿಸಿ ನಿಂತಿದ್ದ. ಇದು ಜೋಕು ಎಷ್ಟು, ನಿಜ ಎಷ್ಟು ಎಂದು ಜನಕ್ಕೆ ಗೊತ್ತಾಗಿರಲಿಕ್ಕಿಲ್ಲ. ಅವನಿಗೆ ಗೊತ್ತಾಗಿತ್ತು, ಎದೆಗೆ ಸರಿಯಾಗಿ ನಾಟಿತ್ತು. ಕಮಲಾಕ್ಷಮ್ಮ, "ಉತ್ರ ಬಂತು, ದೊಡ್ಡೋರಿಗೆ ಎಲೆ ಹಾಕ್ರಪ್ಪ" ಎಂದಳು. ಮಾಂಸ ಮುಟ್ಟದ ರೇಣುಕಪ್ರಸಾದನಿಗೆ ಬೇರೆಯಾಗಿ ಮಾಡಿಟ್ಟಿದ್ದ ಹುರುಳಿಕಾಳು ಸಾರು ತಂದು ಬಡಿಸಿದವನು ಕೆಂಚಪ್ಪನೇ.

ಊಟವಾದ ಮೇಲೆ ಇಬ್ಬರೂ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದರು. ಎರಡು ವಾರದಿಂದ ಮಾತಿಲ್ಲದವರಿಗೆ ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ರೇಣುಕಪ್ರಸಾದ ಬಾಯಿಗೆ ಬಂದದ್ದು ಕೇಳಿದ.

"ಲೇ ಕೆಂಚ, ನಿಜ ಹೇಳೋ. ಯಾವತ್ತಾದ್ರೂ ಸಾರಿಗೆ ಓಟು ಹಾಕಿದೀಯಾ?"

"ಹಾಕಿದೀನಿ. ಒಂದೇ ಒಂದ್ಸಲ. ಮಂಡಲ ಪಂಚಾಯ್ತಿ ಎಲೆಕ್ಷನ್ನು. ನಂಗೆ ಅದೇ ಮೊದಲ್ನೇ ಓಟು."

"ಯಾರಿಗೆ?"

"ನಿಮ್ಮಪ್ಪಂಗೆ."

ರೇಣುಕಪ್ರಸಾದನ ಕೈಯಿಂದ ನೀರು ಸೋರಿಹೋಗುತ್ತಿತ್ತು. "ನಮ್ಮಪ್ಪಾನಾ? ಈರುಳ್ಳಿ ಕಂಡ್ರೆ ಎದ್ದು ಹೋಗೋ ನಮ್ಮಪ್ಪ ಕುರಿ ಸಾರು ಮಾಡ್ಸಿದ್ರಾ?"

"ಎರಡು ಕುರಿ. ನಮ್ಮ ಕಣದಲ್ಲೇ ಒಲೆ ಹೂಡ್ಸಿದ್ರು. ಮೂಗಿಗೆ ಟವಲ್ಲು ಕಟ್ಕೊಂಡು, ದೂರ ಹುಣಸೆ ಮರದ ಕೆಳಗೆ ನಿಂತು, 'ಎಲ್ರಿಗೂ ಬಂತೇನ್ರಪ್ಪಾ' ಅಂತ ಕೂಗಿ ಕೂಗಿ ಕೇಳ್ತಿದ್ರು. ಪಾಪ, ಒಳ್ಳೆ ಮನುಷ್ಯ. ಹನ್ನೊಂದು ಓಟಲ್ಲಿ ಗೆದ್ರು."

ರೇಣುಕಪ್ರಸಾದನೊಳಗಿನ ಕಸುಬುದಾರ ಎದ್ದ. "ಅಯ್ಯೋ ನಿನ್ನ ಮನೆ ಕಾಯ್ವಾಗ! ಇಪ್ಪತ್ತು ವರ್ಷ ಅದೇ ಮೂಗು, ಅದೇ ಬೆರಳು ಅಂತ ಹೇಳ್ಕೊಂಡು ಬಂದ್ಯಲ್ಲೋ. ನನ್ನ ಮಾತಿಗೆ ಇದಕ್ಕಿಂತ ಉತ್ತರ ಬೇಕಿತ್ತಾ? ಜನ ಬಿದ್ದು ಬಿದ್ದು ನಗೋರು. ಯಾಕೋ ಹೇಳ್ಲಿಲ್ಲ?"

ಕೆಂಚಪ್ಪ ನಲ್ಲಿ ನಿಲ್ಲಿಸಿ, ಇಸ್ತ್ರಿ ಮುರಿಯದ ಬಿಳಿ ಶರ್ಟಿಗೆ ನೀರು ತಾಗದಂತೆ ಟವಲ್ಲಿಗೆ ಕೈ ಒರೆಸಿಕೊಂಡ.

"ಹೇಳ್ಬೋದಿತ್ತು ಕಣೋ. ಆದ್ರೆ ನಾವು ಸ್ಟೇಜು ಹತ್ತೋ ಹೊತ್ಗೆ ನಿಮ್ಮಪ್ಪ ತೀರ್ಕೊಂಡ್ಬಿಟ್ಟಿದ್ರಲ್ಲ. ಉತ್ರ ಕೊಡೋರು ಯಾರು?"